ಒಂದು ಸೀರೆಗೆ ಮೂರು ಮೊಳ ಕಮ್ಮಿ

ಹರಿಹರ

ಮಲೇಶಿಯಾಕ್ಕೆ ಹೋಗಿ ಬಂದೆ ಅಂದ ಕೂಡಲೇ ನಮ್ಮೂರ ಹೆಂಗಸರು ಕೇಳೋದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದ್ರಿ? ಆ ಜೋಡಿ ಕಟ್ಟಡ ನೋಡಿದ್ರೋ ಇಲ್ಲೋ? ಊಟಕ್ಕೆ ಮನೆಯಿಂದ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿ ಇತ್ತು. ಜೋಡಿ ಕಟ್ಟಡ ನೋಡಿದೆ, ಕುತ್ತಿಗೆ ಹಿಡ್ಕೊಳ್ತು. ಅಲ್ಲಿಗೆ ಆ ಮಾತು ಮುಗೀತು. ನಾನು ಹೇಳಬೇಕಾಗಿರೋದು ಬೇರೆ. ಆ ದೇಶದಲ್ಲಿ ನಾನು ಕಣ್ಣು ತುಂಬ ನೋಡಿದ್ದು ಒಂದು ರಸ್ತೆ, ಆ ರಸ್ತೆ ಕೆಳಗಿನ ಒಂದು ಕಿಂಡಿ.

ಇದಕ್ಕೆಲ್ಲ ಕಾರಣ ಹರಿಹರದಲ್ಲಿ ನಡೆದ ಒಂದು ಮೀಟಿಂಗು. ನನ್ನ ಹೆಸರು ನಾಗರತ್ನ, ಭಾನುವಳ್ಳಿಯ ಪಂಚಾಯ್ತಿ ಮೆಂಬರ್ರು. ಕೆಲವು ಕಡೆ ಹೆಂಡತಿ ಗೆದ್ದು ಗಂಡ ಮೀಟಿಂಗಿಗೆ ಹೋಗ್ತಾನಲ್ಲ, ಹಂಗಲ್ಲ. ನಾನೇ ಗೆದ್ದು ನಾನೇ ಹೋಗ್ತೀನಿ. ನನ್ನ ಗಂಡ ವೀರೇಶ ಹರಿಹರದಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾನೆ. ಅವನಿಗೆ ಮೀಟಿಂಗು ಅಂದ್ರೆ ಆಕಳಿಕೆ.

ರಾಜ್ಯದ ದೊಡ್ಡ ರಸ್ತೆಗಳನ್ನೆಲ್ಲ ಎಕ್ಸ್‌ಪ್ರೆಸ್ ವೇ ಮಾಡೋ ಕೆಲಸ ನಡೆದಿತ್ತು. ಅದರಲ್ಲಿ ನಮ್ಮೂರ ಮಗ್ಗುಲಿನ ರಸ್ತೆಯೂ ಒಂದು. ಮಣ್ಣು ಹೇರಿ ಎತ್ತರ ಮಾಡಿ, ಎರಡೂ ಕಡೆ ಬೇಲಿ ಹಾಕ್ತಾರೆ. ಮಾಡ್ಲಿ, ಒಳ್ಳೇದೇ. ಆದ್ರೆ ಊರು ರಸ್ತೆಯ ಈ ಕಡೆ, ಗದ್ದೆ ಆ ಕಡೆ. ದಾಟೋಕೆ ಅಂತ ರಸ್ತೆ ಕೆಳಗೆ ಒಂದೇ ಒಂದು ಅಂಡರ್‌ಪಾಸ್.

ಎಂಜಿನಿಯರ್ ಒಬ್ಬ ಹುಡುಗ, ಮೈಸೂರು ಕಡೆಯವನು, ಮಾತು ಮೆತ್ತಗೆ. ಥರ್ಮಾಕೋಲಿನಲ್ಲಿ ರಸ್ತೆ ಮಾಡ್ಕೊಂಡು ಬಂದು ಮೇಜಿನ ಮೇಲಿಟ್ಟಿದ್ದ. ಮರ ಏನು, ಲೈಟು ಕಂಬ ಏನು, ಸಣ್ಣ ಸಣ್ಣ ಕಾರು ಏನು! ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ನಾನು ಆ ಕಿಂಡಿ ನೋಡಿದೆ.

"ಇದರಾಗೆ ಹುಲ್ಲಿನ ಟ್ರ್ಯಾಕ್ಟರ್ ಹೋಗ್ತದೇನ್ರಿ?"

ಅವನು ಒಂದು ಆಟಿಕೆ ಕಾರು ತಗೊಂಡು ಕಿಂಡಿಯೊಳಗೆ ಸರ್ರಂತ ಓಡಿಸಿದ. "ನೋಡಿ ಮೇಡಂ, ಆರಾಮಾಗಿ ಹೋಗುತ್ತೆ."

"ಅದು ಕಾರು. ನಾನು ಕೇಳಿದ್ದು ಹುಲ್ಲಿನ ಟ್ರ್ಯಾಕ್ಟರ್."

ಪರ ಊರಿನವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಅಂದ್ರೆ ಟ್ರ್ಯಾಕ್ಟರ್ ಕಾಣಬಾರದು. ಮುಂದೆ ಡ್ರೈವರನ ಮುಖ, ಹಿಂದೆ ಒಂದು ಬಣವೆ ನಡ್ಕೊಂಡು ಬರ್ತಿರಬೇಕು. ಮೇಲೆ ಇಬ್ಬರು ಕೂತು ಕರೆಂಟ್ ವೈರನ್ನ ಕೋಲಿನಿಂದ ಎತ್ತಿ ಹಿಡೀತಿರಬೇಕು. ಒಂದೇ ಸರ್ತಿಗೆ ಇಡೀ ಹುಲ್ಲು ತಂದವನೇ ಗಂಡಸು. ಎರಡು ಸರ್ತಿ ತಂದವನನ್ನ ಕಟ್ಟೆ ಮೇಲೆ ಕೂತವರು ವರ್ಷಪೂರ್ತಿ ಆಡ್ಕೊಂಡು ನಗ್ತಾರೆ.

ಎಂಜಿನಿಯರ್ ನಕ್ಕ. "ಇದು ಮಲೇಶಿಯಾ ಮಾದರಿ ಮೇಡಂ. ಅಲ್ಲಿ ಎಕ್ಸ್‌ಪ್ರೆಸ್ ವೇ ಕೆಳಗೆ ಹಳ್ಳಿ ದಾರಿಗೆ ಇದೇ ಎತ್ತರ. ಅವರಿಗೇನೂ ತೊಂದ್ರೆ ಆಗಿಲ್ಲ."

"ನೀವು ಹೋಗಿ ನೋಡೀರೇನ್ರಿ?"

"ಇಲ್ಲ ಮೇಡಂ, ಪುಸ್ತಕದಲ್ಲಿದೆ."

ಹದಿನೈದು ದಿನ ಬಿಟ್ಟು ಕೊನೇ ಮೀಟಿಂಗು, ಆಮೇಲೆ ನಕ್ಷೆ ಮೇಲಿನ ಆಫೀಸಿಗೆ ಹೋದರೆ ತಿದ್ದೋಕೆ ಬರಲ್ಲ ಅಂತ ಹೇಳಿ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದ. ನಾನು ಚಹಾ ಕುಡೀತಾ ಲೆಕ್ಕ ಹಾಕಿದೆ. ಆ ಕಿಂಡಿಯಲ್ಲಿ ಹುಲ್ಲು ತೂರದಿದ್ದರೆ ಪ್ರತಿ ಹೇರಿಗೂ ಹರಿಹರದ ತನಕ ಹೋಗಿ ಸುತ್ತು ಹಾಕಿ ಬರಬೇಕು. ಒಂದು ವರ್ಷ ಹಂಗೆ ಮಾಡ್ತಾರೆ, ಎರಡನೇ ವರ್ಷ ಎಮ್ಮೆ ಮಾರ್ತಾರೆ. ನನ್ನ ಮನೇಲಿ ಮೂರು ಎಮ್ಮೆ ಅದಾವೆ. ಅವನ್ನ ಮಾರೋದಕ್ಕಿಂತ ವೀರೇಶನ್ನ ಮಾರೋದು ನನಗೆ ಸುಲಭ.

ಅದೇ ವಾರ ವೀರೇಶ ಹಲ್ಲು ಕಿರಿಯುತ್ತ ಬಂದ. ಅವನ ಅಂಗಡಿಗೆ ಎಂಜಿನ್ ಆಯಿಲ್ ಕೊಡೋ ಕಂಪನಿಯವರು ಡೀಲರುಗಳನ್ನ ಜೋಡಿ ಸಮೇತ ಪ್ರವಾಸಕ್ಕೆ ಕರ್ಕೊಂಡು ಹೋಗ್ತಾರಂತೆ. "ಎಲ್ಲಿಗೆ?" ಅಂದೆ. "ಮಲೇಶಿಯಾ" ಅಂದ. ನಾನು ಒಂದೇ ಮಾತಿಗೆ ಒಪ್ಪಿದೆ. ಈ ವಯಸ್ಸಲ್ಲಿ ಇವಳಿಗೆ ನನ್ನ ಮೇಲೆ ಪ್ರೀತಿ ಉಕ್ಕಿತಲ್ಲ ಅಂತ ಪಾಪ ಅವನು ನಾಲ್ಕು ದಿನ ಹಾಡು ಗುನುಗಿದ.

ದಾವಣಗೆರೆ, ಎಂ.ಸಿ.ಸಿ. ಬಿ ಬ್ಲಾಕ್

ವಿದೇಶಕ್ಕೆ ಹೋಗೋ ತಯಾರಿ ನನ್ನ ತಂಗಿ ಶೈಲಾಳ ಮನೇಲಿ ನಡೀತು. ಅವಳು ಎಂ.ಸಿ.ಸಿ. ಬಿ ಬ್ಲಾಕಿನವಳು, ಅಂದ್ರೆ ದಾವಣಗೆರೆಯ ಸಾಹುಕಾರರ ಬಡಾವಣೆಯವಳು. ಒಂದು ಸರ್ತಿ ಸಿಂಗಪುರಕ್ಕೆ ಹೋಗಿ ಬಂದಿದ್ದಾಳೆ. ಅವತ್ತಿನಿಂದ ತರಕಾರಿ ತರೋಕೆ ಹೋದರೂ ಕಪ್ಪು ಕನ್ನಡಕ ಹಾಕ್ಕೊಂಡೇ ಸ್ಕೂಟಿ ಹತ್ತೋದು.

"ಅಕ್ಕಾ, ಸೀರೆ ಉಟ್ಕೊಂಡು ವಿಮಾನ ಹತ್ತಬ್ಯಾಡ. ಚೂಡಿದಾರ್ ಹಾಕ್ಕೋ" ಅಂತ ತನ್ನದೇ ಎರಡು ಕೊಟ್ಟಳು. ನಲವತ್ತೊಂಬತ್ತು ವರ್ಷಕ್ಕೆ ಮೊದಲನೇ ಸರ್ತಿ ಚೂಡಿದಾರ್ ಹಾಕಿ ಹೊರಗೆ ಬಂದರೆ ವೀರೇಶ "ಯಾರ ಮನೆಯವರ್ರೀ ನೀವು?" ಅಂತ ಕೇಳಿದ. ನಾನು ಒಂದು ನೋಟ ನೋಡಿದೆ. ಬ್ಯಾಗು ಕಟ್ಟೋಕೆ ಒಳಗೆ ಹೋದ.

ಕಂಪನಿಯವರ ದೊಡ್ಡ ಊಟಕ್ಕೆ ಉಡೋಕೆ ಅಂತ ಶೈಲಾ ತನ್ನ ಹಸಿರು ರೇಷ್ಮೆ ಸೀರೆ ತೆಗೆದುಕೊಟ್ಟಳು. ಚೌಕಿಪೇಟೆಯಲ್ಲಿ ನಾನೇ ಜೊತೆಗೆ ಹೋಗಿ ಆರಿಸಿದ್ದು. ಬ್ಲೌಸ್ ಪೀಸ್ ಕತ್ತರಿಸಿದ ಮೇಲೆ ಸರಿಯಾಗಿ ಐದೂವರೆ ಮೀಟರ್ ಸೀರೆ, ಅಂಗಡಿಯವನು ನಮ್ಮೆದುರೇ ಅಳೆದು ತೋರಿಸಿದ್ದ. "ಇದನ್ನ ದೊಡ್ಡ ಬ್ಯಾಗಿನಾಗೆ ಹಾಕಬ್ಯಾಡ, ವಿಮಾನದಾಗೆ ಬ್ಯಾಗು ಕಳೀತಾವೆ. ಕೈಚೀಲದಾಗೆ ಇಟ್ಕೋ. ಒಂದು ಕಲೆ ಆಗೈತೋ, ನೀನು ಈ ಮನೆ ಮೆಟ್ಟಿಲು ಹತ್ತಬ್ಯಾಡ" ಅಂದಳು. ನಗ್ತಾ ಅಂದಳು, ಆದ್ರೆ ನಗು ಹಲ್ಲಿನವರೆಗೆ ಮಾತ್ರ ಇತ್ತು.

ದಕ್ಷಿಣದ ಎಕ್ಸ್‌ಪ್ರೆಸ್ ವೇ

ಕ್ವಾಲಾಲಂಪುರದಲ್ಲಿ ಎರಡು ದಿನ ಅವರು ತೋರಿಸಿದ್ದೆಲ್ಲ ನೋಡಿದೆವು. ಹಸಿರು ಸೀರೆ ಉಡೋ ಊಟವೂ ಆಯ್ತು. ಮೂರನೇ ದಿನ ಬಸ್ಸಿನಲ್ಲಿ ದಕ್ಷಿಣದ ಕಡೆಯ ಇನ್ನೊಂದು ರಾಜ್ಯಕ್ಕೆ ಹೊರಟೆವು. ಆ ರಾಜ್ಯಕ್ಕೂ ಒಬ್ಬ ಸುಲ್ತಾನರಿದ್ದಾರಂತೆ, ಹೆಸರು ನನ್ನ ಬಾಯಿಗೆ ಹತ್ತಲಿಲ್ಲ. ನಾನು ಕಾದಿದ್ದು ಈ ದಿನಕ್ಕೇ. ಕಿಟಕಿ ಪಕ್ಕದ ಸೀಟು ಹಿಡಿದೆ.

ಗೈಡ್ ಹೆಸರು ಕುಮಾರ್, ಅಲ್ಲೇ ಹುಟ್ಟಿದ ತಮಿಳಿನವರು. ಅವರ ತಮಿಳು ನನಗೆ ಅರ್ಧ, ನನ್ನ ಕನ್ನಡ ಅವರಿಗೆ ಅರ್ಧ. ಎರಡು ಅರ್ಧ ಸೇರಿಸಿ ಕೆಲಸ ನಡೆಸಿದೆವು. ರಸ್ತೆ ಹೆಂಗಿತ್ತು ಅಂತೀರಿ? ಕೈಲಿದ್ದ ಚಹಾ ತುಳುಕಲಿಲ್ಲ. ಆ ಚಹಾನೂ ಅವರು ಪ್ಲಾಸ್ಟಿಕ್ ಚೀಲದಲ್ಲಿ ಐಸು ಹಾಕಿ, ಬಾಯಿಗೆ ದಾರ ಬಿಗಿದು, ಒಂದು ಕೊಳವೆ ಚುಚ್ಚಿ ಕೊಡ್ತಾರೆ. ನಮ್ಮಲ್ಲಿ ಸಾಂಬಾರ್ ಪಾರ್ಸೆಲ್ ಕಟ್ತಾರಲ್ಲ, ಥೇಟ್ ಹಂಗೆ. ವೀರೇಶ ಅದನ್ನ ಬೆರಳಿಗೆ ನೇತು ಹಾಕ್ಕೊಂಡು ಆಸ್ಪತ್ರೆ ರೋಗಿ ಸಲೈನ್ ಹಿಡ್ಕೊಂಡಂಗೆ ಕೂತಿದ್ದ.

ಒಬ್ಬರೂ ಹಾರ್ನ್ ಹೊಡೆಯಲ್ಲ. ಒಂದು ತಾಸು ಹೋದ ಮೇಲೆ ನನಗೆ ಕಿವಿ ಕೆಟ್ಟೈತೇನೋ ಅಂತ ಅನುಮಾನ ಬಂದು ಬೆರಳು ಹಾಕಿ ತಿರುವಿದೆ. "ಕುಮಾರಣ್ಣ, ಯಾಕ ಯಾರೂ ಹಾರ್ನ್ ಹೊಡೀವಲ್ರು?" ಅಂದೆ. "ಇಲ್ಲಿ ಹಾರ್ನ್ ಹೊಡೆದರೆ ಬೈದ ಹಾಗೆ ಅಕ್ಕಾ. ನಾನು ಗೈಡ್ ಆದ ಮೇಲೆ ನಮ್ಮ ಬಸ್ಸು ಒಂದೇ ಒಂದು ಸಲವೂ ಹೊಡೆದಿಲ್ಲ" ಅಂತ ಎದೆ ಮುಟ್ಟಿಕೊಂಡು ಹೇಳಿದರು. ನಮ್ಮ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆಯದೆ ನಿಂತ ಬಸ್ಸನ್ನ ಜನ ಕೆಟ್ಟು ನಿಂತೈತೆ ಅಂದ್ಕೊಂಡು ಹತ್ತೋದೇ ಇಲ್ಲ.

ಮುಂದೆ ರಸ್ತೆ ಅಗಲ ಮಾಡೋ ಕೆಲಸ ನಡೀತಿತ್ತು. ನಾಲ್ಕು ಸಾಲು ಇದ್ದದ್ದು ಆರು ಸಾಲು ಆಗ್ತದಂತೆ. ಕಿತ್ತಳೆ ಬಣ್ಣದ ಟೋಪಿ ಹಾಕ್ಕೊಂಡು ಒಬ್ಬ ಕೂಲಿಯವನು ಬಿಸಿಲಲ್ಲಿ ನಿಂತು ಕೆಂಪು ಬಾವುಟ ಬೀಸ್ತಿದ್ದ. ಒಂದೇ ಸಮ ಬೀಸ್ತಿದ್ದ, ಪಾಪ. ವೀರೇಶನಿಗೆ ಕರುಳು ಚುರುಕ್ ಅಂತು. ಎದ್ದು ನಿಂತು ಎರಡೂ ಕೈ ಎತ್ತಿ ಅವನಿಗೆ ನಮಸ್ಕಾರ ಮಾಡಿದ. ಬಸ್ಸು ಹತ್ತಿರ ಹೋದ ಮೇಲೆ ನೋಡಿದರೆ ಅದು ಗೊಂಬೆ! ಒಳಗೆ ಮೋಟರ್ ಇಟ್ಟಿದ್ದಾರೆ, ಕೈ ಮೇಲೆ ಕೆಳಗೆ ಆಡ್ತದೆ. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ವೀರೇಶ ಕೂತ್ಕೊಂಡು, "ನಮ್ಮಲ್ಲಿ ಒಂದು ಜಾಲಿ ಮುಳ್ಳಿನ ಕೊಂಬೆ, ಒಂದು ಹಳೇ ಕೆಂಪು ಲಂಗದ ಚೂರು, ಮುಗೀತು. ಇವರಿಗೆ ಮುಳ್ಳು ಸಿಗಲ್ಲ ಕಾಣ್ತದೆ" ಅಂದ.

ನನಗೆ ನಗೋಕೂ ಪುರುಸೊತ್ತಿರಲಿಲ್ಲ. ರಸ್ತೆಯ ಎರಡೂ ಕಡೆ ಎಣ್ಣೆ ತಾಳೆಯ ತೋಟ, ನೋಡಿದಷ್ಟೂ ತೋಟ. ಆ ತೋಟದ ಜನ ಈ ಕಡೆಯಿಂದ ಆ ಕಡೆಗೆ ಹೆಂಗೆ ದಾಟ್ತಾರೆ? ಅಲ್ಲಲ್ಲಿ ನಮ್ಮ ಬಸ್ಸಿನ ಕೆಳಗೆ ಒಂದೊಂದು ಮಣ್ಣು ದಾರಿ ನುಗ್ಗಿ ಮಾಯ ಆಗೋದು ಕಾಣ್ತಿತ್ತು.

"ಕುಮಾರಣ್ಣ, ಇಲ್ಲೊಂಚೂರು ನಿಲ್ಲಿಸ್ರಿ, ಅಂಡರ್‌ಪಾಸ್ ನೋಡ್ಬೇಕು."

ಪ್ರವಾಸಕ್ಕೆ ಬಂದವರು ಸಮುದ್ರ ಕೇಳ್ತಾರೆ, ಶಾಪಿಂಗ್ ಕೇಳ್ತಾರೆ. ಅಂಡರ್‌ಪಾಸ್ ಕೇಳಿದವರನ್ನ ಅವರು ಕಂಡಿರಲಿಲ್ಲ. "ಎಕ್ಸ್‌ಪ್ರೆಸ್ ವೇಲಿ ಎಲ್ಲಂದರಲ್ಲಿ ನಿಲ್ಲಿಸೋ ಹಾಗಿಲ್ಲ ಅಕ್ಕಾ" ಅಂದರು. ನಾವು ಬಂದು ಆಗಲೇ ಮೂರು ದಿನ ಆಗಿತ್ತು. ಹೋಗೋದಕ್ಕೆ ಇನ್ನೆರಡೇ ದಿನ, ಬಸ್ಸಿನ ದಾರಿ ಇದೊಂದೇ. ನನಗೆ ಅಳು ಬರೋದೊಂದು ಬಾಕಿ.

ತಂಗುದಾಣ

ನಡುದಾರಿಯಲ್ಲಿ ಬಸ್ಸು ಒಂದು ತಂಗುದಾಣಕ್ಕೆ ತಿರುಗಿತು. ಎಕ್ಸ್‌ಪ್ರೆಸ್ ವೇ ಪಕ್ಕದಲ್ಲೇ ಒಂದು ಸಣ್ಣ ಊರು ಕಟ್ಟಿದಂಗೆ ಇತ್ತು. ಊಟದ ಅಂಗಡಿ ಸಾಲು, ಹಣ್ಣಿನ ಅಂಗಡಿ ಸಾಲು, ನಮಾಜಿನ ಕೋಣೆ, ಮಕ್ಕಳಿಗೆ ಜಾರುಬಂಡಿ. ಶೌಚಾಲಯದ ಮುಂದೆ ಹೂಕುಂಡ! ನಮ್ಮ ಕಡೆ ದಾರಿಯಲ್ಲಿ ಬಸ್ಸು ನಿಂತರೆ ಗಂಡಸರು ಬೇಲಿ ಕಡೆ ಹೋಗ್ತಾರೆ, ಹೆಂಗಸರು ಹಲ್ಲು ಕಚ್ಚಿ ಊರು ಬರೋದನ್ನ ಕಾಯ್ತಾರೆ. ನಮ್ಮ ಎಂಜಿನಿಯರ್ ಈ ಮಾದರಿ ತರಲಿ, ಅವನಿಗೆ ನಾನೇ ಹೂವಿನ ಹಾರ ಹಾಕ್ತೀನಿ ಅಂದ್ಕೊಂಡೆ.

"ಮೂವತ್ತು ನಿಮಿಷ" ಅಂದರು ಕುಮಾರಣ್ಣ.

ಒಬ್ಬಳು ಹೆಂಗಸು ಅನಾನಸ್ ಹೆಚ್ಚಿ ಮಾರ್ತಿದ್ದಳು. ನನ್ನ ವಯಸ್ಸೇ ಇರಬೇಕು, ಹಣೆಯಲ್ಲಿ ಕುಂಕುಮ. ಹೆಸರು ಸರಸ್ವತಿ ಅಂದಳು, ಮಾತು ತಮಿಳು. ಅಂಗಡಿ ಕಟ್ಟೆ ಸಿಕ್ಕಿದ ಮೇಲೆ ಕೇಳಬೇಕಾ, ಐದು ನಿಮಿಷದಲ್ಲಿ ಅವಳ ಮನೆ ಮಠ ತಿಳ್ಕೊಂಡೆ. ಮನೆ ಎಕ್ಸ್‌ಪ್ರೆಸ್ ವೇ ಆಚೆ ಕಡೆ ತೋಟದೊಳಗೆ. ಗಂಡ ಅದೇ ತೋಟದಲ್ಲಿ ತಾಳೆಗೊನೆ ಕೊಯ್ಯೋನು.

"ಮತ್ತೆ ಇಲ್ಲಿಗೆ ಹೆಂಗೆ ಬರ್ತೀಯವ್ವಾ?"

ಅವಳು ಹೆಬ್ಬೆರಳು ಮುಂದೆ ಮಾಡಿ ತೋರಿಸಿದಳು. ಆ ದೇಶದಲ್ಲಿ ತೋರುಬೆರಳಿನಿಂದ ತೋರಿಸೋದು ಮರ್ಯಾದೆ ಅಲ್ಲವಂತೆ, ಮುಷ್ಟಿ ಮಡಚಿ ಹೆಬ್ಬೆರಳಲ್ಲೇ ತೋರಿಸ್ತಾರೆ. ಹೆಬ್ಬೆರಳಿನ ದಿಕ್ಕಲ್ಲಿ ನೋಡಿದರೆ ತಂಗುದಾಣದ ಹಿಂದೆ ಕೆಲಸದವರು ಬರೋ ಸಣ್ಣ ಗೇಟು. ಗೇಟಿನಾಚೆ ಇಳಿಜಾರು. ಅದರ ತುದಿಗೆ ಕಪ್ಪಗೆ ಬಾಯಿ ತೆರ್ಕೊಂಡಿತ್ತು ನನ್ನ ಅಂಡರ್‌ಪಾಸ್!

"ವೀರೇಶಾ!" ಅಂತ ಕೂಗಿದೆ. ಗಂಡನ ಹೆಸರು ಹಿಡಿದು ಕೂಗಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅವನು ಕೋಳಿ ಕಾಲು ಅರ್ಧಕ್ಕೆ ಬಿಟ್ಟು ಓಡಿ ಬಂದ.

ರಸ್ತೆಯ ಕೆಳಗೆ

ಸರಸ್ವತಿ ಪಕ್ಕದ ಅಂಗಡಿಯವಳಿಗೆ ಹಣ್ಣು ನೋಡ್ಕೋ ಅಂತ ಹೇಳಿ ನಮ್ಮ ಜೊತೆ ಬಂದಳು. ಒಳಗೆ ತಣ್ಣಗಿತ್ತು. ತಲೆ ಮೇಲೆ ಲಾರಿ ಹೋದಂಗೆಲ್ಲ ಗುಡುಗಿದಂಗೆ ಸದ್ದು. ಈಗ ಎತ್ತರ ಅಳೀಬೇಕು. ಯಾತರಿಂದ? ನನ್ನ ಹತ್ತಿರ ಟೇಪು ಇಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವನ ಜೇಬಲ್ಲಿ ಒಂದು ಟೇಪು ಇರಬೇಕೋ ಬ್ಯಾಡವೋ? ಇವನ ಜೇಬಲ್ಲಿ ಇದ್ದದ್ದು ಹಲ್ಲುಕಡ್ಡಿ.

ಕೈಚೀಲಕ್ಕೆ ಕೈ ಹಾಕಿದೆ. ಹಸಿರು ಸೀರೆ. ಐದೂವರೆ ಮೀಟರ್.

"ಮೆಂಬರ್ರೇ, ಅದು ಶೈಲಾಂದು" ಅಂದ ವೀರೇಶ.

"ಗೊತ್ತೈತೆ. ಹಿಡೀರಿ."

ಆದ್ರೆ ಸೀರೆ ತುದಿಯನ್ನ ಸೂರಿಗೆ ಮುಟ್ಟಿಸೋದು ಹೆಂಗೆ? ಆಗ ಆಚೆ ಕಡೆಯಿಂದ ಒಂದು ಬೈಕು ಬಂತು. ಬೈಕಿಗೆ ಉದ್ದುದ್ದಕ್ಕೆ ಒಂದು ಕೋಲು ಕಟ್ಟಿತ್ತು, ಬೈಕಿನ ಎರಡರಷ್ಟು ಉದ್ದ. ಓಡಿಸ್ತಿದ್ದವನು ಸರಸ್ವತಿಯ ಗಂಡ. ಎತ್ತರದ ತಾಳೆಗೊನೆ ಕೊಯ್ಯೋಕೆ ಅವರು ಅಂಥ ಕೋಲಿನ ತುದಿಗೆ ಕುಡುಗೋಲು ಕಟ್ತಾರೆ. ಸರಸ್ವತಿ ಅವನಿಗೆ ಏನೋ ಹೇಳಿದಳು. ಅವನು ನನ್ನನ್ನ ನೋಡಿದ, ಸೀರೆ ನೋಡಿದ, ಒಂದೂ ಮಾತಾಡದೆ ಕುಡುಗೋಲು ಬಿಚ್ಚಿ ಕೋಲು ಕೊಟ್ಟ. ಹೆಂಡತಿ ಹೇಳಿದ್ದನ್ನ ಪ್ರಶ್ನೆ ಕೇಳದೆ ಮಾಡೋ ಗಂಡಸನ್ನ ನಾನು ಕಂಡಿದ್ದು ವಿದೇಶದಲ್ಲಿ.

ಸೀರೆ ಕಟ್ಟೋಕೆ ವೀರೇಶ ಮುಂದೆ ಬಂದ. ಚಿಕ್ಕವನಿದ್ದಾಗ ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿಗೆ ಮೂರು ದಿನ ಹೋಗಿ ಬಂದಿದ್ದಾನೆ. ಆ ಮೂರು ದಿನದ ಕಥೆ ನಾನು ಇಪ್ಪತ್ತೇಳು ವರ್ಷದಿಂದ ಕೇಳ್ತಿದೀನಿ. "ಸ್ಕೌಟ್ ಗಂಟು ಇದು, ಆನೆ ಎಳೆದ್ರೂ ಬಿಚ್ಚಲ್ಲ" ಅಂತ ಸೆರಗಿನ ತುದಿ ಕೋಲಿಗೆ ಕಟ್ಟಿದ. ಕೋಲು ಅರ್ಧ ಏರಿತೋ ಇಲ್ಲವೋ, ಗಂಟು ಜಾರಿ ಇಡೀ ಸೀರೆ ಸರಸ್ವತಿಯ ತಲೆ ಮೇಲೆ ಬಿತ್ತು. ಹಸಿರು ಸೀರೆಯೊಳಗಿಂದ ಅವಳು ನಗೋದು ಕೇಳಿ ನನಗೂ ತಡೀಲಿಲ್ಲ. ಎರಡನೇ ಸರ್ತಿ ಅವಳ ಗಂಡ ಕಟ್ಟಿದ. ಕೋಲಿನ ತುದಿ ಸೂರಿಗೆ ಟಕ್ ಅಂತ ಮುಟ್ಟಿತು. ಸೀರೆ ಕೆಳಗೆ ಇಳಿದು ಮಿಕ್ಕದ್ದು ನೆಲದ ಮೇಲೆ ಬಿತ್ತು. ನೆಲ ಮುಟ್ಟಿದ ಜಾಗದಲ್ಲಿ ವೀರೇಶ ಇನ್ನೊಂದು ಸ್ಕೌಟ್ ಗಂಟು ಬಿಗಿದ. ಮಿಕ್ಕ ಸೀರೆ ನಾನು ಮೊಳ ಹಾಕಿದೆ. ಒಂದು, ಎರಡು, ಮೂರು.

ಒಂದು ಸೀರೆಗೆ ಮೂರು ಮೊಳ ಕಮ್ಮಿ. ಅಂದ್ರೆ ನಾಲ್ಕು ಮೀಟರಿಗೆ ಒಂಚೂರು ಮೇಲೆ, ಹರಿಹರದ ನಕ್ಷೆಯಲ್ಲಿ ಬರೆದಿದ್ದದ್ದೂ ಅಷ್ಟೇ ಎತ್ತರ.

ಅಲ್ಲೇ ಕೂತುಬಿಟ್ಟೆ. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದು ಇಲ್ಲಿಯೂ ಐತೆ. ಈ ದೇಶದ ಜನ ಇದರಲ್ಲೇ ಬಾಳ್ವೆ ಮಾಡ್ತಿದಾರೆ ಅಂದ ಮೇಲೆ ನಾನು ಮೀಟಿಂಗಿಗೆ ಹೋಗಿ ಏನಂತ ಬಾಯಿ ತೆಗೀಲಿ? ಎಮ್ಮೆಗಳ ಮುಖ ಕಣ್ಣ ಮುಂದೆ ಬಂತು.

"ಏನಾಯ್ತಕ್ಕಾ?" ಅಂದಳು ಸರಸ್ವತಿ. ಹುಲ್ಲಿನ ಟ್ರ್ಯಾಕ್ಟರಿನ ಕಥೆ ಹೇಳಿದೆ. ಕೈ ಎತ್ತಿ ಬಣವೆ ತೋರಿಸಿದೆ. ಅವಳು ಪಕ್ಕನೆ ನಕ್ಕು ಹೆಬ್ಬೆರಳನ್ನ ಮೇಲಕ್ಕೆ ಮಾಡಿದಳು. ತಲೆ ಎತ್ತಿ ನೋಡಿದೆ. ಸೂರಿನ ತುಂಬ ಗೀರು. ಉದ್ದುದ್ದ ಗೀರು, ಹಳೇ ಗೀರಿನ ಮೇಲೆ ಹೊಸ ಗೀರು, ಅಂಚಿನಲ್ಲಿ ಕಾಂಕ್ರೀಟು ಕಿತ್ತು ಒಳಗಿನ ಕಬ್ಬಿಣ ಇಣುಕ್ತಿತ್ತು.

ಅವಳು ಹೇಳಿದ್ದು ನನಗೆ ತಿಳಿದಷ್ಟು ಹೇಳ್ತೀನಿ. ತಾಳೆಗೊನೆ ತುಂಬಿದ ಲಾರಿ ಇಲ್ಲಿ ತೂರಲ್ಲ. ಅವಳ ಗಂಡ ಮತ್ತೆ ಜೊತೆಯವರು ಮೇಲಿನ ಗೊನೆಗಳನ್ನ ಈ ಕಡೆ ಇಳಿಸಿ, ಲಾರಿ ದಾಟಿಸಿ, ಗೊನೆ ಹೊತ್ತು ತಂದು ಆ ಕಡೆ ಮತ್ತೆ ಹೇರ್ತಾರೆ. ದಿನಾ ಇದೇ. ಅವನು ಅಂಗಿ ಸರಿಸಿ ಭುಜ ತೋರಿಸಿದ. ಗೊನೆಯ ಮುಳ್ಳು ಚುಚ್ಚಿ ಚುಚ್ಚಿ ಜಡ್ಡುಗಟ್ಟಿತ್ತು.

"ರಸ್ತೆ ಮಾಡುವಾಗ ಕೇಳಲಿಲ್ವಾ ನೀವು?"

"ನಮ್ಮ ಅತ್ತೆ ಕೇಳಿದ್ರಂತೆ. ಇದು ಇಂಗ್ಲೆಂಡ್ ಮಾದರಿ, ಅಲ್ಲಿ ಯಾರಿಗೂ ತೊಂದ್ರೆ ಆಗಿಲ್ಲ ಅಂದ್ರಂತೆ."

ನಾನು ವೀರೇಶನ ಮುಖ ನೋಡಿದೆ. ವೀರೇಶ ನನ್ನ ಮುಖ ನೋಡಿದ.

"ಈಗ ರಸ್ತೆ ಅಗಲ ಮಾಡ್ತಿದಾರಲ್ಲ, ಈಗಾದ್ರೂ ಎತ್ತರ ಮಾಡ್ತಾರಾ?"

"ಇಲ್ಲಕ್ಕಾ. ಅಗಲ ಆಗುತ್ತೆ, ಕಿಂಡಿ ಇನ್ನೂ ಉದ್ದ ಆಗುತ್ತೆ. ಎತ್ತರ ಆಗಲ್ಲ. ಹೊರೋ ದಾರಿ ಜಾಸ್ತಿ ಆಯ್ತು, ಅಷ್ಟೆ." ಆಮೇಲೆ ನನ್ನ ಕೈ ಹಿಡ್ಕೊಂಡು, "ನಿಮ್ಮೂರಿಗೆ ಎತ್ತರದ್ದು ಸಿಕ್ಕಿದರೆ, ಹುಲ್ಲಿನ ಲಾರಿ ಅದರಲ್ಲಿ ಹೋಗೋದನ್ನ ನನಗೆ ಕಳಿಸಕ್ಕಾ. ನೋಡಬೇಕು" ಅಂದಳು. ಫೋನ್ ನಂಬರ್ ಬರ್ಕೊಂಡೆವು.

ಅಷ್ಟರಲ್ಲಿ ಮೇಲಿನಿಂದ ಪೋಂ ಪೋಂ ಪೋಂ ಅಂತ ನಮ್ಮ ಬಸ್ಸಿನ ಹಾರ್ನ್. ಒಂದು ಸರ್ತಿ ಅಲ್ಲ, ಬಿಡದೆ. ನಾವು ಏದುಸಿರು ಬಿಡ್ತಾ ಬಸ್ಸು ಹತ್ತಿದಾಗ ಮೂವತ್ತು ನಿಮಿಷ ಹೋಗಿ ಐವತ್ತಾಗಿತ್ತು. ಕುಮಾರಣ್ಣ ನನಗೆ ಬಯ್ಯಲಿಲ್ಲ. ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು, ಮನೆತನದ ಮಾನ ಹೋದವರ ಹಾಗೆ.

ಮತ್ತೆ ಹರಿಹರ

ವೀರೇಶ ಸೂರಿನ ಗೀರಿನ ಫೋಟೋ ತೆಗೆದಿದ್ದ. ಊರಿಗೆ ಬಂದು ನೋಡಿದರೆ ಹನ್ನೊಂದು ಫೋಟೋದಲ್ಲೂ ಅವನದೇ ಮುಖ, ಹಿಂದೆ ಕತ್ತಲು. ಉಳಿದ ಸಾಕ್ಷಿ ಒಂದೇ, ಗಂಟು ಹಾಕಿದ ಸೀರೆ. ಅದರ ತುಂಬ ಮಸಿ, ಎಣ್ಣೆ, ಕೆಂಪು ಮಣ್ಣು. ಶೈಲಾಗೆ ಫೋನ್ ಮಾಡಿ "ಇಸ್ತ್ರಿಗೆ ಕೊಟ್ಟೀನಿ" ಅಂದೆ.

ಕೊನೇ ಮೀಟಿಂಗಿನ ದಿನ ನಾನು ಸೀರೆ ಮೇಜಿನ ಮೇಲೆ ಬಿಚ್ಚಿ ಹಾಸಿದೆ.

"ಏನ್ ಮೇಡಂ ಇದು?" ಅಂದ ಎಂಜಿನಿಯರ್.

"ನಿಮ್ಮ ಮಲೇಶಿಯಾ ಮಾದರಿ. ಸೆರಗಿನಿಂದ ಗಂಟಿನ ತನಕ. ಹೋಗಿ ಅಳೆದು ತಂದೀನಿ."

ಸಭೆ ಗೊಳ್ಳಂತ ನಕ್ಕಿತು. ಅವನು ನಗಲಿಲ್ಲ. ಬ್ಯಾಗಿನಿಂದ ಟೇಪು ತೆಗೆದು ಸೀರೆ ಅಳೆದ, ತನ್ನ ನಕ್ಷೆ ನೋಡಿದ. "ಕರೆಕ್ಟಾಗಿದೆ ಮೇಡಂ" ಅಂದ. ಅವನಿಗೆ ನಿಜವಾಗಲೂ ಸಂತೋಷ ಆದಂಗಿತ್ತು. ನಾನು ಗೀರಿನ ವಿಷಯ, ಭುಜದ ಜಡ್ಡಿನ ವಿಷಯ, ಇಂಗ್ಲೆಂಡ್ ಮಾದರಿಯ ವಿಷಯ ಹೇಳ್ತಾ ಹೋದಂಗೆ ಆ ಸಂತೋಷ ಇಳೀತು.

"ಮೇಡಂ, ಬಾಯಿ ಮಾತಿನಲ್ಲಿ ಹೇಳಿದರೆ ನಾನು ಏನಂತ ಬರೀಲಿ?"

"ಬರೀಬ್ಯಾಡ್ರಿ. ಹೊರಗೆ ಬರ್ರಿ."

ಹೊರಗೆ ನಮ್ಮ ಟ್ರ್ಯಾಕ್ಟರ್ ನಿಂತಿತ್ತು, ಹುಲ್ಲು ಹೇರ್ಕೊಂಡು. ನನ್ನ ಮೈದುನ ಬೆಳಿಗ್ಗೆಯಿಂದ ಹೇರಿದ್ದ, ಅವತ್ತು ಎರಡು ಹೊರೆ ಜಾಸ್ತಿನೇ ಹೇರಿದ್ದ. ಬಜಾರಿನ ಜನ ಸೇರಿದ್ದರು. ಎಂಜಿನಿಯರ್ ಮೊದಲು ಟ್ರ್ಯಾಕ್ಟರ್ ಎಲ್ಲಿ ಅಂತ ಹುಡುಕಿದ. ಮುಂದೆ ಇಣುಕುತ್ತಿದ್ದ ಮೈದುನನ ಮುಖ ಕಂಡ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತಲೆ ಎತ್ತಿ ನೋಡಿದ.

ವೀರೇಶ ಮೀಟಿಂಗ್ ಹಾಲಿನ ಮಹಡಿ ಮೇಲೆ ಹತ್ತಿ, ಸೆರಗು ಹಿಡ್ಕೊಂಡು ಗಂಟು ನೆಲಕ್ಕೆ ತಾಗೋ ಹಾಗೆ ಸೀರೆ ಇಳಿಬಿಟ್ಟ. ಸೆರಗು ಎಲ್ಲಿ ನಿಂತಿತೋ ಅಲ್ಲಿಂದ ಮೇಲೆ ಇನ್ನೂ ಒಂದು ತೋಳಿನಷ್ಟು ಹುಲ್ಲು ಇತ್ತು. ಒಬ್ಬ ಮುದುಕರು, "ಹೋಗಲ್ಲ ಬಿಡಪ್ಪಾ, ಇದು ಹೋಗಲ್ಲ" ಅಂದರು.

ಎಂಜಿನಿಯರ್ ಗಂಟು ಮುಟ್ಟಿ ನೋಡಿದ. "ಗಂಟು ಬಿಚ್ಚಿದರೆ ಎಷ್ಟಾಗುತ್ತೆ?" ಅಂದ.

"ಪೂರ್ತಿ ಸೀರೆ ಆಗ್ತೈತೆ. ಐದೂವರೆ ಮೀಟರ್."

"ಐದೂವರೆ..." ಅಂತ ಅವನು ತನ್ನ ಪುಸ್ತಕ ತೆಗೆದ. "ದೊಡ್ಡ ವಾಹನದ ಅಂಡರ್‌ಪಾಸ್‌ಗೆ ಆ ಎತ್ತರ ಇದೆ ಮೇಡಂ. ಮುಂದಿನ ಪುಟದಲ್ಲಿ."

"ಹಂಗಾದ್ರೆ ಪುಟ ತಿರುವ್ರಿ ಸಾಹೇಬ್ರೇ! ಅದಕ್ಕೆ ನಾನು ಮಲೇಶಿಯಾಕ್ಕೆ ಹೋಗಿ ಬರಬೇಕಿತ್ತಾ?"

ಆದ್ರೆ ತಿರುವೋ ಮುಂಚೆ ಪೂರ್ತಿ ಸೀರೆ ಇಳಿಬಿಟ್ಟು ನೋಡಬೇಕು ಅಂದ. ಈಗ ಸ್ಕೌಟ್ ಗಂಟು ಬಿಚ್ಚಲಿಲ್ಲ. ಕಟ್ಟುವಾಗ ಜಾರಿದ ಗಂಟು ಬಿಚ್ಚುವಾಗ ಕಲ್ಲಾಗಿತ್ತು. ವೀರೇಶ ಎಳೆದ, ನಾನು ಎಳೆದೆ, ಮೈದುನ ಹಲ್ಲು ಹಾಕಿದ. ಕೊನೆಗೆ ಎಂಜಿನಿಯರ್ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಪೆನ್ಸಿಲ್ ಮೊನೆ ತೂರಿಸಿ, ಎಳೆ ಎಳೆ ಬಿಡಿಸಿದ. "ನಮ್ಮಮ್ಮನ ಸೀರೆ ಇಂಥದ್ದೇ ಇತ್ತು" ಅಂದ. ಗಂಟು ಬಿಚ್ಚಿತು. ವೀರೇಶ ಸೀರೆ ಮೇಲಕ್ಕೆಳೆದುಕೊಂಡ. ಸೆರಗು ಹುಲ್ಲಿನ ತಲೆ ದಾಟಿ ಮೇಲೆ ಹೋಗಿ ನಿಂತಿತು, ಇನ್ನೂ ಎರಡು ಗೇಣು ಜಾಗ ಇತ್ತು. ಎಂಜಿನಿಯರ್ ಅಲ್ಲೇ ಟ್ರ್ಯಾಕ್ಟರಿನ ಗಾಲಿ ಮೇಲೆ ನಕ್ಷೆ ಇಟ್ಟು ಪೆನ್ಸಿಲಿನಲ್ಲಿ ತಿದ್ದಿದ.

ಆ ಜನರಲ್ಲಿ ಯಾರೋ ಪುಣ್ಯಾತ್ಮರು ಸೀರೆ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕಿದರು. ಸಂಜೆಯೊಳಗೆ ಅದು ಎಂ.ಸಿ.ಸಿ. ಬಿ ಬ್ಲಾಕಿಗೆ ಮುಟ್ಟಿತು. ಶೈಲಾ ಮೂರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು.

ಭಾನುವಳ್ಳಿ

ಈಗ ಅಂಡರ್‌ಪಾಸ್ ಆಗೈತೆ. ಮೊದಲನೇ ಹುಲ್ಲಿನ ಟ್ರ್ಯಾಕ್ಟರ್ ದಾಟೋ ದಿನ ಊರಿಗೆ ಊರೇ ನಿಂತಿತ್ತು. ಶೈಲಾ ಕಪ್ಪು ಕನ್ನಡಕ ಹಾಕ್ಕೊಂಡು ದಾವಣಗೆರೆಯಿಂದ ಸ್ಕೂಟಿಯಲ್ಲಿ ಬಂದಳು. ಮೈದುನ ಮೆಲ್ಲಗೆ ಒಳಗೆ ನುಗ್ಗಿಸಿದ. ಮೇಲೆ ಕೂತಿದ್ದ ಇಬ್ಬರು ಸೂರು ತಲೆಗೆ ಬಡೀತದೆ ಅಂತ ಬಗ್ಗಿದರು, ಬಡೀಲಿಲ್ಲ, ನಾಚಿಕೊಂಡು ನೆಟ್ಟಗೆ ಕೂತರು. ಸೂರಿಗೆ ಒಂದು ಗೀರು ಬೀಳಲಿಲ್ಲ. "ನನ್ನ ಸೀರೆ ಎತ್ತರ ಇದು" ಅಂತ ಶೈಲಾ ಪಕ್ಕದವರಿಗೆಲ್ಲ ಹೇಳಿದಳು, ಕೇಳದವರಿಗೂ ಹೇಳಿದಳು. ನಾನು ಎಲ್ಲಾನೂ ಫೋನಿನಲ್ಲಿ ಹಿಡಿದೆ. ವಿಡಿಯೋ ಸರಸ್ವತಿಗೆ ಕಳಿಸಿದೆ.

ಎರಡು ವಾರ ಉತ್ತರ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಎಮ್ಮೆ ಹಾಲು ಕರೀತಿದ್ದೆ, ಫೋನಿನಲ್ಲಿ ಅವಳ ಧ್ವನಿ ಬಂತು. ಹಿಂದೆ ಅವಳ ಗಂಡ ಏನೋ ಹೇಳಿಕೊಡ್ತಿದ್ದ.

"ಅಕ್ಕಾ, ನಮ್ಮ ಕಡೆ ರಸ್ತೆ ಆಫೀಸಿನವರು ಅಗಲ ಮಾಡೋ ಕೆಲಸ ನೋಡೋಕೆ ಬಂದಿದ್ದರು. ನಿಮ್ಮ ವಿಡಿಯೋ ತೋರಿಸಿದೆ. ಎರಡೆರಡು ಸಲ ನೋಡಿದರು. ಇದು ಯಾವ ಮಾದರಿ ಅಂದರು. ಇಂಡಿಯಾ ಮಾದರಿ, ಅಲ್ಲಿ ಯಾರಿಗೂ ತೊಂದ್ರೆ ಆಗಿಲ್ಲ ಅಂದುಬಿಟ್ಟೆ! ಹಾಗಾದರೆ ಅದರ ಅಳತೆ ತಂದು ಕೊಡಿ ಅಂತಿದಾರೆ. ನಾನು ಏನು ಕೊಡಲಿ?"

ಚೊಂಬು ಕೆಳಗಿಟ್ಟು ಕೈ ತೊಳ್ಕೊಂಡೆ. ಸೀರೆ ನಮ್ಮ ಮನೇಲೇ ಇತ್ತು. ಕಲೆ ಹೋದ ಮೇಲೆ ತಂದುಕೊಡು ಅಂತ ಶೈಲಾ ಅಂದಿದ್ದಳು, ಕಲೆ ಹೋಗಿರಲಿಲ್ಲ. ಚೆನ್ನಾಗಿ ಮಡಚಿ, ಒಳಗೆ ಸ್ವಲ್ಪ ಕುಂಕುಮ ಇಟ್ಟು, ಹರಿಹರದ ಪೋಸ್ಟ್ ಆಫೀಸಿನಿಂದ ಸರಸ್ವತಿಗೆ ಕಳಿಸೋಕೆ ವೀರೇಶನ ಕೈಗೆ ಕೊಟ್ಟೆ. ಅವನು ಕಟ್ಟೋಕೆ ದಾರ ತಗೊಂಡ. "ಗಂಟು ಹಾಕಬ್ಯಾಡ್ರಿ, ಅಂಟು ಹಚ್ಚಿ ಕಳಿಸ್ರಿ" ಅಂದೆ.

ಸೀರೆ ಅಲ್ಲಿಗೆ ಮುಟ್ಟೈತೆ. ಪೂರ್ತಿ ಬಿಚ್ಚಿ ಆಫೀಸಿನ ಬಾಗಿಲ ಮುಂದೆ ಕೋಲಿಗೆ ಇಳಿಬಿಟ್ಟು ಸರಸ್ವತಿಯೂ ಅವಳ ಗಂಡನೂ ನಿಂತಿರೋ ಫೋಟೋ ಮೊನ್ನೆ ಬಂತು. ಆಫೀಸಿನವರು ಟೇಪು ಹಿಡ್ಕೊಂಡು ಪಕ್ಕದಲ್ಲಿ ನಿಂತಿದಾರೆ. ಇಷ್ಟೆಲ್ಲ ಆಗಿರೋದು ಶೈಲಾಗೆ ಇನ್ನೂ ಹೇಳಿಲ್ಲ. ಇದನ್ನ ಓದಿದ ಮೇಲೆ ಅವಳಿಗೆ ತಿಳೀತದೆ.